ಕಹಿ ಹೀರೆಕಾಯಿ ಮತ್ತು ನಮ್ಮತ್ತೆಯ ನಾಲಿಗೆ

ಬೀಗರ ಎದುರು ಮಾನ ಹೋಗುವುದಕ್ಕೆ ಏನು ಬೇಕು? ನಮ್ಮ ಮನೆಯಲ್ಲಿ ಒಂದು ಹೀರೆಕಾಯಿ ಸಾಕಾಯಿತು.

ಹೋದ ಬೇಸಿಗೆಯ ಒಂದು ಭಾನುವಾರ. ನಮ್ಮ ಒಬ್ಬಳೇ ಮಗಳು ಸಹನಾಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದ್ದೇವೆ. ತೆಂಗಿನಕಾಯಿ ವ್ಯಾಪಾರದ ಮನೆ, ಮೃದು ಮಾತಿನ ಜನ. ಆಗ ಅವಳು ಬಸುರಿ. ಹೆರಿಗೆಗೆ ಯಾವಾಗ ಕಳಿಸುವುದು ಎಂದು ಮಾತಾಡಲು ಬೀಗರು, ಬೀಗಿತ್ತಿ ಇಬ್ಬರೂ ಹಾಸನದ ನಮ್ಮ ಮನೆಗೆ ಬಂದಿದ್ದರು. (ಫೋನಿನಲ್ಲೇ ಮಾತಾಡಬಹುದಿತ್ತು. ಆದರೆ ಇಂಥ ವಿಷಯವನ್ನು ಊಟಕ್ಕೆ ಕೂತೇ ತೀರ್ಮಾನ ಮಾಡಬೇಕು ಎನ್ನುವ ಜನ ನಾವು.)

ಅಡುಗೆ ನಮ್ಮತ್ತೆ ಗಿರಿಜಮ್ಮನವರದು. ಅನ್ನ, ಹೀರೆಕಾಯಿ ತೊವ್ವೆ, ಹಪ್ಪಳ, ಒಬ್ಬಟ್ಟು. ಎಲ್ಲವನ್ನೂ ಮೇಜಿನ ಮೇಲಿಟ್ಟು ಒಟ್ಟಿಗೇ ಕೂತೆವು. ಬೀಗಿತ್ತಿ ತೊವ್ವೆ ಕಲಸಿ ಮೊದಲ ತುತ್ತು ಬಾಯಿಗಿಟ್ಟರು. ಅವರ ಹುಬ್ಬು ನಿಧಾನವಾಗಿ ಮೇಲೆ ಹೋಯಿತು. ಹೋಗಿದ್ದು ಕೆಳಗೆ ಬರಲಿಲ್ಲ. ಬೀಗರು ತುತ್ತನ್ನು ಆ ಕೆನ್ನೆಯಿಂದ ಈ ಕೆನ್ನೆಗೆ ಸಾಗಿಸುತ್ತಾ ನೀರಿನ ಲೋಟ ಹುಡುಕಿದರು. ನಾನೂ ತಿಂದೆ. ಕಹಿ ಅಂದ್ರೆ ಎಂಥ ಕಹಿ! ನೀರು ಕುಡಿದರೂ ಹೋಗಲಿಲ್ಲ, ಬೆಲ್ಲ ಚೀಪಿದರೂ ಹೋಗಲಿಲ್ಲ.

“ಏನವ್ವಾ ಇದು, ಹಾಗಲಕಾಯಿ ಹಾಕ್ಬುಟ್ಯಾ?” ಎಂದರು ನಮ್ಮ ಯಜಮಾನರು. ಬೀಗರ ಮುಂದೆ ಏನು ಆಡಬೇಕು, ಏನು ನುಂಗಬೇಕು ಅನ್ನುವುದು ಅವರಿಗೆ ಇನ್ನೂ ಗೊತ್ತಾಗಿಲ್ಲ.

“ಇಲ್ಲ ಇಲ್ಲ, ಚೆನ್ನಾಗಿದೆ” ಎಂದರು ಬೀಗಿತ್ತಿ, ಕಣ್ಣಲ್ಲಿ ನೀರು ತುಂಬಿಕೊಂಡು.

ಒಬ್ಬರು ಮಾತ್ರ ತಲೆಯೇ ಎತ್ತಿರಲಿಲ್ಲ. ನಮ್ಮತ್ತೆ. ಅವರ ತಟ್ಟೆಯಲ್ಲಿ ಅರ್ಧ ತೊವ್ವೆ ಅನ್ನ ಆಗಲೇ ಖಾಲಿಯಾಗಿತ್ತು. ಮಗನ ಮಾತು ಕೇಳಿ ಕತ್ತೆತ್ತಿದರು. ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದರು. ಆಮೇಲೆ ಮೆಲ್ಲಗೆ ಕೇಳಿದರು.

“ಯಾಕ್ರಪ್ಪಾ? ಉಪ್ಪೇನಾರ ಜಾಸ್ತಿಯಾಯ್ತಾ?”

ಉಪ್ಪಾ? ಈ ಪ್ರಶ್ನೆ ಆವತ್ತೇ ನನ್ನ ತಲೆಯೊಳಗೆ ಗಂಟೆ ಬಾರಿಸಬೇಕಿತ್ತು. ಬಾರಿಸಲಿಲ್ಲ. ಬೀಗರಿಗೆ ಬೇರೆ ಸಾರು ಏನು ಮಾಡಲಿ ಅನ್ನುವ ಗಡಿಬಿಡಿಯಲ್ಲಿ ಅಡುಗೆಮನೆಗೆ ಓಡಿದೆ.

ಈಗ ನಮ್ಮತ್ತೆಗೂ ಹೀರೆಕಾಯಿಗೂ ಇರುವ ಸಂಬಂಧವನ್ನು ನಿಮಗೆ ಹೇಳಬೇಕು.

ಹೀರೆಕಾಯಿ ನೋಡಲು ಬಲು ಪಾಪದ ತರಕಾರಿ. ಮೈತುಂಬಾ ಏಣು, ಒಳಗೆ ಬರೀ ನೀರು. ಬದನೆಕಾಯಿಯ ಗತ್ತಿಲ್ಲ, ಬೆಂಡೆಕಾಯಿಯ ನಾಜೂಕಿಲ್ಲ. ಮದುವೆಮನೆಯಲ್ಲಿ ಯಾರೂ ‘ಇವತ್ತು ಹೀರೆಕಾಯಿ ಏನು ಮಜವಾಗಿತ್ತು’ ಅನ್ನುವುದಿಲ್ಲ. ಬಜ್ಜಿ ಮಾಡಿದಾಗ ಮಾತ್ರ ಅದಕ್ಕೆ ಒಂದಿಷ್ಟು ಬೆಲೆ. ಆದರೆ ಈ ಪಾಪದ ಕಾಯಿಯ ನಡುವೆ ಎಲ್ಲೋ ಒಂದು ಕಹಿ ಕಾಯಿ ಅಡಗಿ ಕೂತಿರುತ್ತದೆ. ಹೊರಗಿಂದ ನೋಡಿದರೆ ಗೊತ್ತಾಗುವುದಿಲ್ಲ. ಅದೇ ಹಸಿರು, ಅದೇ ಏಣು. ಅದೊಂದು ಪಾತ್ರೆಗೆ ಬಿತ್ತೋ, ಪಾತ್ರೆ ಪೂರ್ತಿ ಹೋಯಿತು. ತಿಂದರೆ ಹೊಟ್ಟೆಯೂ ಕೆಡುತ್ತದೆ.

ಅದಕ್ಕೇ ನಮ್ಮ ಕಡೆ ಹೀರೆಕಾಯಿ ಹೆಚ್ಚುವ ಮೊದಲು ತೊಟ್ಟಿನ ಕಡೆಯಿಂದ ಒಂದು ತೆಳು ಬಿಲ್ಲೆ ಕತ್ತರಿಸಿ ನಾಲಿಗೆಗೆ ಇಟ್ಟು ನೋಡುತ್ತಾರೆ. ನೀವೂ ನೋಡುತ್ತೀರಿ, ಗೊತ್ತು. ಆದರೆ ಒಂದು ಕಾಯಿ ನೋಡಿ ಮಿಕ್ಕಿದ್ದನ್ನು ನಂಬಿಬಿಡುತ್ತೀರಿ ತಾನೇ? ನಮ್ಮತ್ತೆ ಹಾಗಲ್ಲ. ಕಾಯಿ ಕಾಯಿಗೂ ಬಿಲ್ಲೆ.

ನಾನು ಮದುವೆಯಾಗಿ ಬಂದ ಹೊಸದರಲ್ಲಿ ಒಂದನ್ನು ಮಾತ್ರ ರುಚಿ ನೋಡಿ ಮಿಕ್ಕಿದ್ದನ್ನು ಹಾಗೇ ಹೆಚ್ಚಲು ಕೂತಿದ್ದೆ. ಅತ್ತೆ ನನ್ನ ಕೈಯಿಂದ ಈಳಿಗೆಮಣೆಯನ್ನೇ ಎಳೆದುಕೊಂಡರು.

“ಸಂತೇಲಿ ತಂದಿರದು ಕಣವ್ವ. ಇವೆಲ್ಲಾ ಒಂದೇ ಬಳ್ಳಿವು ಅಂತ ನಿಂಗ್ಯಾರು ಏಳುದ್ರು?”

ಹೀರೆಕಾಯಿಯ ‘ಹೀ’ ಅವರ ಬಾಯಲ್ಲಿ ಇವತ್ತಿನವರೆಗೆ ಬಂದಿಲ್ಲ. ಅದು ಅವರಿಗೆ ಈರೇಕಾಯಿ. ಅರಕಲಗೂಡಿನ ಕಡೆ ಹಳ್ಳಿಯ ಹೆಣ್ಣುಮಗಳು, ಹಾಸನಕ್ಕೆ ಬಂದು ಇಷ್ಟು ವರ್ಷವಾದರೂ ಮಾತು ಅಲ್ಲಿಯದೇ. ಅವತ್ತಿನಿಂದ ಹೀರೆಕಾಯಿ ತರುವುದು ನನ್ನ ಕೆಲಸ, ಬಿಲ್ಲೆ ನೋಡುವುದು ಅವರ ಕೆಲಸ. ಬಿಲ್ಲೆಯನ್ನು ನಾಲಿಗೆಯ ಮೇಲಿಟ್ಟು, ಕಣ್ಣು ಸಣ್ಣ ಮಾಡಿ, ಒಂದು ಕ್ಷಣ ಸುಮ್ಮನಿರುತ್ತಿದ್ದರು. ಜಡ್ಜ್ ತೀರ್ಪು ಓದುವ ಮೊದಲು ಕನ್ನಡಕ ಸರಿ ಮಾಡಿಕೊಳ್ಳುತ್ತಾರಲ್ಲ, ಹಾಗೆ. ಆಮೇಲೆ “ಊಂ, ಎಚ್ಚು” ಅನ್ನುತ್ತಿದ್ದರು. ನಾನು ಹೆಚ್ಚುತ್ತಿದ್ದೆ. ಅವರು ಬೇಡ ಅಂದ ಕಾಯಿ ಹಿತ್ತಲಿನ ಗೊಬ್ಬರದ ಗುಂಡಿಗೆ.

ಇಷ್ಟು ವರ್ಷದಲ್ಲಿ ಆ ತೀರ್ಪು ಒಮ್ಮೆಯೂ ತಪ್ಪಿರಲಿಲ್ಲ. ತಪ್ಪಿದ್ದು ಬೀಗರು ಬಂದ ದಿನ.

ಆವತ್ತು ಸಂಜೆ ಅತ್ತೆಗೆ ವಾಂತಿ ಶುರುವಾಯಿತು. ಆ ತೊವ್ವೆಯನ್ನು ಹೊಟ್ಟೆತುಂಬಾ ತಿಂದವರು ಅವರೊಬ್ಬರೇ ತಾನೇ! ನಿಂಬೆಹಣ್ಣಿನ ಷರಬತ್ತು ಮಾಡಿಕೊಟ್ಟೆ. “ಅಷ್ಟು ಕಹಿ ಇದ್ದಿದ್ದನ್ನ ಯಾಕೆ ತಿಂದ್ರಿ ಅತ್ತೇ?” ಎಂದು ಗದರಿದೆ. (ನನಗೆ ಪ್ರೀತಿ ಬಂದರೆ ಗದರಿಕೆಯ ರೂಪದಲ್ಲೇ ಬರುವುದು. ಸುಧಾ ಮೇಡಂ ಹೇಗೆ ಅಂತ ನಾನು ಪಾಠ ಹೇಳುವ ಕಾಲೇಜಿನ ಹುಡುಗಿಯರನ್ನು ಕೇಳಿ.) ಅವರು ಗೋಡೆ ಕಡೆ ತಿರುಗಿ ಮಲಗಿದರು. ಬೀಗರ ಮುಂದೆ ತಾವು ಮಾಡಿದ ಅಡುಗೆಯನ್ನು ಬಿಟ್ಟುಕೊಡಬಾರದು ಅಂತ ಹಟಕ್ಕೆ ತಿಂದಿದ್ದಾರೆ ಅಂದುಕೊಂಡೆ. ನಮ್ಮ ಯಜಮಾನರೂ ಹಾಗೇ ಅಂದುಕೊಂಡರು.

ಮಾರನೆಯ ದಿನ ಕಾಫಿ ಕುಡಿಯುವಾಗ ಅತ್ತೆ ಲೋಟ ಕೆಳಗಿಟ್ಟು ಸಹನಾಳ ಮಾತೆತ್ತಿದರು.

“ಸಾನಾ ಬಾಣಂತನ ನಂಗಾಗಾಕಿಲ್ಲ. ಯಾರ್ನಾರ ಗೊತ್ತು ಮಾಡ್ಕಳಿ.”

ನಾವಿಬ್ಬರೂ ಕಾಫಿ ಲೋಟ ಕೆಳಗಿಟ್ಟೆವು. ಯಾಕೆ ಗೊತ್ತಾ? ನನ್ನ ಬಾಣಂತನ ಮಾಡಿದ್ದು ಅತ್ತೆ. ನನ್ನಮ್ಮ ಆಗಲೇ ಇರಲಿಲ್ಲ. ತಾಯಿಮನೆ ಇಲ್ಲದವಳಿಗೆ ತಾಯಿಯ ಹಾಗೆ ನಿಂತು, ಬಿಸಿನೀರು ಹೊಯ್ದು, ಹೊಟ್ಟೆಗೆ ಬಟ್ಟೆ ಕಟ್ಟಿ, ಕೈತುತ್ತು ಹಾಕಿದವರು. ನಾದಿನಿಯರ ಬಾಣಂತನ ಅವರದೇ. ನಮ್ಮ ಬೀದಿಯ ಅರ್ಧ ಮಕ್ಕಳು ಅವರು ಎರೆದ ನೀರಿನಲ್ಲೇ ಮೈ ತೊಳೆದುಕೊಂಡವರು. ಸಹನಾಳಿಗೆ ಮದುವೆಯಾದ ದಿನದಿಂದ “ಯಾವಾಗವ್ವಾ, ಯಾವಾಗವ್ವಾ?” ಎಂದು ಅವಳ ಜೀವ ತಿಂದವರೂ ಇವರೇ. ಈಗ ಆಗಲ್ಲ ಅಂದರೆ ಏನರ್ಥ?

“ಯಾಕವ್ವಾ?” ಎಂದರು ನಮ್ಮ ಯಜಮಾನರು.

“ಮಂಡಿ ನೋವು.”

“ಡಾಕ್ಟ್ರಿಗೆ ತೋರ್ಸೋಣ ನಡಿ.”

“ವಯಸ್ಸಿಗೆಲ್ಲಾದ್ರೂ ಔಸ್ದಿ ಐತೇನ್ಲಾ?” ಅಂದು ಎದ್ದು ಹೋದರು. ಮಂಡಿ ನೋವಿನವರು ಎದ್ದು ಹೋಗುವ ಹಾಗೆ ಎದ್ದು ಹೋಗಲಿಲ್ಲ.

ವಿಷಯ ಸಹನಾಳಿಗೆ ತಿಳಿಯಿತು. ಫೋನಿನಲ್ಲಿ ಒಂದೇ ಸಮನೆ ಅತ್ತಳು. “ಅಜ್ಜಿಗೆ ನಾನು ಬೇಡವಾದ್ನಾ ಅಮ್ಮ? ನಾನೇನು ಮಾಡ್ದೆ?” ನನ್ನ ಸಿಟ್ಟು ನೆತ್ತಿಗೇರಿತು. ಅಳುತ್ತಿರುವ ಬಸುರಿ ಮಗಳು ಒಂದು ಕಡೆ, ಬಾಯಿ ಬಿಡದ ಅತ್ತೆ ಒಂದು ಕಡೆ. ಅತ್ತೆಯ ಜೊತೆ ಮಾತು ಕಡಿಮೆ ಮಾಡಿದೆ. ಅವರೂ ಅಡುಗೆಮನೆಗೆ ಬರುವುದನ್ನು ಕಡಿಮೆ ಮಾಡಿದರು. ಬೆಳಿಗ್ಗೆ ಕಾಯಿ ತುರಿದುಕೊಟ್ಟು, ಸೊಪ್ಪು ಬಿಡಿಸಿಕೊಟ್ಟು, ನಡುಮನೆಯ ಕುರ್ಚಿಯಲ್ಲಿ ಹೋಗಿ ಕೂರುತ್ತಿದ್ದರು. ಒಲೆಯ ಮುಂದೆ ನಾನೊಬ್ಬಳೇ.

ಬಾಣಂತನಕ್ಕೆ ಯಾರೂ ಸಿಗಲಿಲ್ಲ. ನಾನೇ ರಜೆ ಹಾಕಿದೆ.

ಮಳೆಗಾಲ ಶುರುವಾಗುವ ಹೊತ್ತಿಗೆ ಸಹನಾಳಿಗೆ ಹೆಣ್ಣುಮಗು ಹುಟ್ಟಿತು. ಅಂಗೈಯಷ್ಟು ಮುಖ, ಅದರ ಮೇಲೆ ನಮ್ಮ ಯಜಮಾನರ ಮೂಗು. ಆಸ್ಪತ್ರೆಯಿಂದ ಮನೆಗೆ ಕರೆದುಕೊಂಡು ಬಂದೆವು. ಬಾಗಿಲಲ್ಲಿ ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದರು. ಆರತಿ ಎತ್ತಿ, ಮಗುವನ್ನು ಎದೆಗೆ ಅವಚಿಕೊಂಡು ಒಳಗೆ ಹೋದವರು ಬಹಳ ಹೊತ್ತು ಅದನ್ನು ಕೆಳಗೇ ಬಿಡಲಿಲ್ಲ.

ಮಾರನೆಯ ಬೆಳಿಗ್ಗೆ ನೋಡುತ್ತೇನೆ, ಬಚ್ಚಲಲ್ಲಿ ಸಣ್ಣ ಮಣೆ ಹಾಕಿ, ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದಾರೆ! ಎಣ್ಣೆ ತೀಡುವುದೇನು, ಮೂಗು ನೀವುವುದೇನು, ಸಾಂಬ್ರಾಣಿ ಹೊಗೆ ಹಿಡಿಯುವುದೇನು. ಹಾಗಾದರೆ ಮಂಡಿ ನೋವು ಎಲ್ಲಿ ಹೋಯಿತು?

ಮಗುವಿನ ಕೆಲಸ ಎಲ್ಲ ಅವರೇ. ಸಹನಾಳ ತಲೆಗೆ ಎಣ್ಣೆ, ಹೊಟ್ಟೆಗೆ ಬಟ್ಟೆ, ಅದೂ ಅವರೇ. ಆದರೆ ಅಡುಗೆಮನೆಯ ಹೊಸ್ತಿಲ ಹತ್ತಿರ ಬಂದರೆ ಮಾತ್ರ ನಿಂತುಬಿಡುತ್ತಿದ್ದರು. ಅಲ್ಲೇ ಮಣೆ ಹಾಕಿಕೊಂಡು ಕೂತು ನನಗೆ ಡೈರೆಕ್ಷನ್ ಕೊಡುತ್ತಿದ್ದರು.

“ಮೆಣಸು ಉರುದ್ಯಾ? ಇನ್ನೊಸಿ ಉರಿ. ಬೆಳ್ಳುಳ್ಳಿ ತುಪ್ಪದಲ್ಲಿ ಕೆಂಪಗಾಗ್ಲಿ.”

“ನೀವೇ ಬಂದು ಮಾಡಬಾರದಾ ಅತ್ತೇ?”

“ನೀ ಮಾಡು. ಚೆನ್ನಾಗ್ ಮಾಡ್ತೀಯ.”

ಇದು ಶುದ್ಧ ಸುಳ್ಳು. ನಾನು ಮಾಡಿದ ಮೆಣಸಿನ ಸಾರನ್ನು ಸಹನಾ ಮೂಗು ಹಿಡಿದುಕೊಂಡು ಕುಡಿಯುತ್ತಿದ್ದಳು. ಒಂದು ದಿನ ತಟ್ಟೆ ಪಕ್ಕಕ್ಕೆ ಸರಿಸಿ, “ಅಮ್ಮ, ಬೇಜಾರು ಮಾಡ್ಕೋಬೇಡ. ನನಗೆ ಅಜ್ಜಿ ಕೈ ಅಡುಗೆ ಬೇಕು. ಹೀರೆಕಾಯಿ ತೊವ್ವೆ. ಒಂದೇ ಒಂದ್ಸಲ” ಎಂದಳು. ಬಾಣಂತಿಯ ಬಾಯಿಗೆ ಮೊದಲು ಬೀಳುವ ತರಕಾರಿ ನಮ್ಮಲ್ಲಿ ಹೀರೆಕಾಯಿಯೇ. ಹಗುರ, ನಂಜಿಲ್ಲ, ತಾಯಿಗೂ ಒಗ್ಗುತ್ತದೆ, ಹಾಲು ಕುಡಿಯುವ ಮಗುವಿಗೂ ಒಗ್ಗುತ್ತದೆ. ಪಥ್ಯ ಸಡಿಲಿಸುವ ಹೊತ್ತೂ ಬಂದಿತ್ತು.

ಸರಿ, ಮಾರ್ಕೆಟ್ಟಿಗೆ ಹೋದೆ. ಮೊಸಳೆ ಎಂಬ ಹಳ್ಳಿಯಿಂದ ತರಕಾರಿ ತಂದು ಮಾರುವ ಜಯಮ್ಮನಿಗೆ ನಾನು ಕಾಯಂ ಗಿರಾಕಿ.

“ಬಾಣಂತಿಗೆ ಜಯಮ್ಮಾ, ಕಹಿ ಇದ್ರೆ ಕಷ್ಟ.”

“ನಮ್ ಬಳ್ಳಿವೇ ಕಣಕ್ಕ, ಎಳೇವು. ಕಯಿ ಇದ್ರೆ ನಾಳೀಕ್ ತಂದು ನನ್ ಮಕಕ್ಕೆ ಎಸಿ.”

ಮನೆಗೆ ತಂದು ಬಿಲ್ಲೆ ಕತ್ತರಿಸಿ, ಹಳೆಯ ಅಭ್ಯಾಸದಂತೆ, ಹೊಸ್ತಿಲಲ್ಲಿ ಕೂತಿದ್ದ ಅತ್ತೆಯ ಕೈಗೆ ಕೊಟ್ಟೆ. ಅವರು ಅದನ್ನು ಬಾಯಿಗೆ ಹಾಕಿಕೊಂಡರು. ಕಣ್ಣು ಸಣ್ಣ ಮಾಡಲಿಲ್ಲ. ಬಿಲ್ಲೆಯನ್ನು ಬಾಯಲ್ಲಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಾ ಕೂತರು. ಆಮೇಲೆ ತಲೆಯಾಡಿಸಿದರು.

“ಬ್ಯಾಡ. ಇವತ್ತು ಈರೇಕಾಯಿ ಬ್ಯಾಡ.”

ಎಲ್ಲವನ್ನೂ ಎತ್ತಿಕೊಂಡು ಹಿತ್ತಲಿಗೆ ಹೋಗಿ ಗುಂಡಿಗೆ ಸುರಿದು ಬಂದರು. ಜಯಮ್ಮನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮತ್ತೊಂದು ದಿನ ಬೇರೆಯವರ ಹತ್ತಿರ ತಂದೆ. ಮತ್ತೆ ಬಿಲ್ಲೆ. ಮತ್ತೆ “ಬ್ಯಾಡ”. ಮತ್ತೆ ಗುಂಡಿ. ಒಳಗಿಂದ ಸಹನಾ, “ಹಾಸನ ಜಿಲ್ಲೇಲಿ ಒಂದಾದ್ರೂ ಸಿಹಿ ಹೀರೆಕಾಯಿ ಇಲ್ವಾ ಅಮ್ಮ?” ಎಂದು ಕೂಗಿದಳು. ನ್ಯಾಯವಾದ ಪ್ರಶ್ನೆ.

ಮೂರನೆಯ ಸಲ ನಾನು ಜಾಣೆಯಾದೆ. ಜಯಮ್ಮನ ಅಂಗಡಿಯ ಮುಂದೆಯೇ ನಿಂತು, ಅವಳ ಚಾಕುವಿನಲ್ಲೇ ಬಿಲ್ಲೆ ಕತ್ತರಿಸಿ, ಕಾಯಿ ಕಾಯಿಗೂ ರುಚಿ ನೋಡಿ ತಂದೆ. ಒಂದೂ ಕಹಿ ಇರಲಿಲ್ಲ. ಎಳೆಯ ಸೌತೆಕಾಯಿಯ ಹಾಗೆ ಸಿಹಿ. ಮನೆಗೆ ಬಂದು ಏನೂ ಹೇಳದೆ ಅತ್ತೆಗೆ ಬಿಲ್ಲೆ ಕೊಟ್ಟೆ. ಬಾಯಿಗಿಟ್ಟರು. ನನ್ನ ಮುಖ ನೋಡಿದರು.

“ಬ್ಯಾಡ” ಎಂದರು.

ಇಷ್ಟು ದಿನ ತಡೆದುಕೊಂಡಿದ್ದು ಕಿತ್ತುಕೊಂಡು ಬಂತು. “ಅತ್ತೇ! ಏನು ಹಟ ಇದು? ಒಂದೊಂದನ್ನೂ ನಾನೇ ತಿಂದು ನೋಡಿ ತಂದಿದ್ದೀನಿ. ಸಿಹಿಯಾಗಿದೆ! ಆ ಹುಡುಗಿ ಬಾಯಿಬಿಟ್ಟು ಕೇಳ್ತಿದ್ದಾಳೆ, ಒಂದು ಹೀರೆಕಾಯಿ ತಿನ್ನಿಸೋಕೆ ನಿಮಗೇನು ಕಷ್ಟ?”

ಬಿಲ್ಲೆ ಇನ್ನೂ ಅತ್ತೆಯ ಬಾಯಲ್ಲೇ ಇತ್ತು. ಅದನ್ನು ಮೆಲ್ಲಗೆ ಅಗಿದರು. ನುಂಗಿದರು. ಆಮೇಲೆ ಕೇಳಿದರು.

“ದಿಟ್ವಾ ಸುದಾ? ಸೀಯಾಗೈತಾ?”

ಆ ಧ್ವನಿ ನನ್ನ ಕಿವಿಯಲ್ಲಿ ಇನ್ನೂ ಇದೆ. ದೂರದ ಊರಿನಲ್ಲಿರುವ ತಮ್ಮವರ ಯೋಗಕ್ಷೇಮವನ್ನು ಯಾರನ್ನೋ ಕೇಳುವಂತೆ ಕೇಳಿದರು. ಬಾಯಲ್ಲಿದ್ದ ಕಾಯಿಯ ರುಚಿಯನ್ನು ನನ್ನನ್ನು ಕೇಳಿದರು. ನನಗೆ ಒಂದೇ ಸಲಕ್ಕೆ ಎಲ್ಲವೂ ಅರ್ಥವಾಯಿತು. ಕೈಯಲ್ಲಿದ್ದ ಚಾಕು ಕೆಳಗಿಟ್ಟು ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ.

“ಯಾವಾಗಿಂದ ಅತ್ತೇ?”

“ಚಳೀಗಾಲ್ದಲ್ಲಿ ಜರ ಬಂದಿತ್ತಲ್ಲ, ಅವಾಗಿಂದ. ಜರ ಓಯ್ತು. ನಾಲ್ಗೆ ಬರ್ನಿಲ್ಲ.” ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಹೇಳಿದರು. “ಉಪ್ಪೂ ಒಂದೇ, ಸಕ್ರೆನೂ ಒಂದೇ. ವಾಸ್ನೆನೂ ಇಲ್ಲ. ಒಗ್ರಣೆ ಸದ್ದು ಕೇಳ್ತದೆ, ಗಮಾ ಅನ್ನಾಕಿಲ್ಲ.”

“ಮತ್ತೆ ಇಷ್ಟು ತಿಂಗಳು ಅಡುಗೆ ಹೇಗೆ ಮಾಡಿದ್ರಿ?”

“ಕೈ ಅಳ್ತೆ ಮರ್ತೋಯ್ತದಾ? ಉಪ್ಪಿಗೆ ಮಾತ್ರ ಚಮಚ ಇಟ್ಕಂಡೆ. ಆಮ್ಯಾಕೆ ನಿಮ್ ಮಕ ನೋಡ್ತಿದ್ದೆ. ನಿನ್ ಗಂಡ ಎರಡ್ನೇ ಸಲ ಸಾರು ಆಕುಸ್ಕಂಡ್ರೆ ಸರಿಯಾಗೈತೆ ಅಂತ. ನೀ ನೀರು ಕುಡುದ್ರೆ ಕಾರ ಆಗೈತೆ ಅಂತ.”

ಹೌದು. ಅತ್ತೆ ಉಪ್ಪಿಗೆ ಚಮಚ ಇಟ್ಟುಕೊಂಡಾಗ, ಅದರ ತಲೆಯನ್ನು ಬೆರಳಿನಿಂದ ಸಮ ಮಾಡುವಾಗ, ಏನತ್ತೆ ಲ್ಯಾಬೊರೇಟರಿ ಶುರು ಮಾಡಿದ್ರಾ ಅಂತ ತಮಾಷೆ ಮಾಡಿದ್ದೆ. ಮೊದಲೆಲ್ಲ ಅಂಗೈ ಮೇಲೆ ಒಂದು ತೊಟ್ಟು ಸಾರು ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದರು. ಅದು ನಿಂತಿತ್ತು. ಊಟದ ಮೇಜಿನಲ್ಲಿ ಮೂಲೆಯ ಜಾಗ ಬಿಟ್ಟು ನಮ್ಮೆದುರಿನ ಕುರ್ಚಿಗೆ ಬಂದಿದ್ದರು. ಎಲ್ಲ ಕಣ್ಣ ಮುಂದೆಯೇ ನಡೆದಿತ್ತು.

“ಬೀಗ್ರು ಬಂದ್ ದಿನ ಎಲ್ಲಾರೂ ಮಕ ಸಿಂಡುರ್ಸುದ್ರಲ್ಲ, ಉಪ್ಪೇ ಎಚ್ಚಾಯ್ತು ಅನ್ಕಂಡೆ ಕಣವ್ವ. ಕಯಿ ಅಂತ ಗೊತ್ತಾಗಿದ್ದು ಸಂಜೀಕೆ, ವಾಂತಿಯಾದಾಗ. ನಂಗೇ ಅಂಗಾಯ್ತು. ಬಾಣಂತಿ ತಿಂದು, ಆ ಕೂಸು ಆಲು ಕುಡುದ್ರೆ?” ಅತ್ತೆ ಪಕ್ಕದಲ್ಲಿದ್ದ ಹೀರೆಕಾಯಿಗಳನ್ನು ದೂರ ಸರಿಸಿದರು. “ನಾ ನೋಡಿಕೊಟ್ಟಿದ್ದು ಕಯಿ ಇದ್ರೆ? ಅದ್ಕೇ ಬ್ಯಾಡ ಅಂದೆ. ಯಾವ್ದು ಸೀ, ಯಾವ್ದು ಕಯಿ ಅಂತ ತಿಳೀದೆ ಇದ್ರೆ ಎಲ್ಲಾನೂ ಬ್ಯಾಡ ಅನ್ನದೇ ವಾಸಿ.”

ಬಾಣಂತನ ಬೇಡ ಎಂದದ್ದೂ ಇದಕ್ಕೇ. ಮೊಮ್ಮಗಳು ಬೇಡವಾಗಿ ಅಲ್ಲ. ತಮ್ಮ ಕೈಯಿಂದ ಅವಳಿಗೆ, ಅವಳ ಕೂಸಿಗೆ ಏನಾದರೂ ಆಗಿಬಿಟ್ಟೀತು ಎಂದು. ಬಚ್ಚಲಿನ ಕೆಲಸಕ್ಕೆ ನಾಲಿಗೆ ಬೇಕಿಲ್ಲ, ಅದಕ್ಕೆ ಅದನ್ನು ಮಾತ್ರ ಇಟ್ಟುಕೊಂಡರು.

“ಹೇಳಬಾರದಿತ್ತಾ ಅತ್ತೇ? ಒಂದು ಮಾತು?”

ಬೆರಳಿಗೆ ಸುತ್ತಿದ್ದ ಸೆರಗನ್ನು ಬಿಚ್ಚಿದರು.

“ಏಳುದ್ರೆ ಏನಂತಿದ್ರಿ? ‘ಅತ್ತೇ, ನೀವು ಕೂತ್ಕಳಿ, ರೆಸ್ಟ್ ತಗಳಿ’ ಅಂತಿದ್ರಿ. ಈ ಮನೇಲಿ ನಂಗಿರದು ಅದೊಂದ್ ಕೆಲ್ಸ ಕಣವ್ವ. ಟೀವಿ ಮುಂದೆ ಕೂತ್ರೆ ನಾ ಯಾರು?”

ನನಗೆ ಅಳು ಬಂತು. ಬಂದಿದ್ದನ್ನು ತಡೆಯಲಿಲ್ಲ. ಅತ್ತೆಯೇ ತಮ್ಮ ಸೆರಗಿನಿಂದ ನನ್ನ ಮುಖ ಒರೆಸಿ, “ಅಳ್ಬ್ಯಾಡ, ಮನೇಲಿ ಅಸುಗೂಸು ಐತೆ” ಎಂದು ಗದರಿದರು. (ಪ್ರೀತಿಯನ್ನು ಗದರಿಕೆಯಲ್ಲಿ ತೋರಿಸುವುದನ್ನು ನಾನು ಎಲ್ಲಿ ಕಲಿತೆ ಅಂತ ಈಗ ಗೊತ್ತಾಯಿತಲ್ಲ?)

ತಲೆ ಎತ್ತಿದರೆ ಕೋಣೆಯ ಬಾಗಿಲಲ್ಲಿ ಸಹನಾ. ತಲೆಗೆ ಸ್ಕಾರ್ಫ್, ಕಿವಿಗೆ ಹತ್ತಿ, ತೋಳಿನಲ್ಲಿ ಮಗು. ಕಿವಿಗೆ ಹತ್ತಿ ಇದ್ದರೂ ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಅಜ್ಜಿಯ ಮಡಿಲಿಗೆ ಮಗುವನ್ನು ಇಳಿಸಿದಳು.

“ಅಷ್ಟೇನಾ ಅಜ್ಜಿ? ನಿಂಗೆ ನಾಲಿಗೆ ಇಲ್ದಿದ್ರೆ ಏನಂತೆ, ಅಮ್ಮಂಗೆ ಇದೆಯಲ್ಲ! ಇಷ್ಟು ವರ್ಷ ಅದು ಜಗಳಕ್ಕೆ ಬಿಟ್ರೆ ಬೇರೆ ಯಾವುದಕ್ಕೂ ಉಪಯೋಗಕ್ಕೆ ಬಂದಿಲ್ಲ.”

ಅತ್ತೆ ನಕ್ಕರು. ಮೊದಲು ತಡೆಯಲು ನೋಡಿದರು, ಆಗಲಿಲ್ಲ. ಬೇಸಿಗೆಯಿಂದ ಈಚೆಗೆ ಅವರು ನಕ್ಕಿದ್ದನ್ನು ನಾನು ನೋಡಿದ್ದು ಅವತ್ತೇ. ಮಡಿಲಲ್ಲಿದ್ದ ಮಗು ಆ ನಗುವಿಗೆ ಬೆಚ್ಚಿ ಎರಡೂ ಕೈ ಮೇಲೆತ್ತಿತು.

“ನಾನೇ ಕಚ್ಚಿ ನೋಡ್ತೀನಿ, ಕೊಡಿ” ಎಂದು ಸಹನಾ ಬಿಲ್ಲೆಗೆ ಕೈ ಹಾಕಿದಳು. ಅತ್ತೆ ಅವಳ ಕೈಗೆ ಪಟ್ಟನೆ ಹೊಡೆದರು.

“ಬಾಣಂತಿ ಅಸೀದು ತಿಂತಾಳಾ? ನಡಿಯೇ ಒಳಕ್ಕೆ, ಗಾಳಿ ಬೀಸ್ತದೆ!”

ಆಮೇಲೆ ಎದ್ದರು. ಮಗುವನ್ನು ಸಹನಾಳ ಕೈಗೆ ಕೊಟ್ಟರು. ಸೆರಗು ಸಿಕ್ಕಿಸಿಕೊಂಡು, ಆ ಹೊಸ್ತಿಲು ದಾಟಿ ಒಳಗೆ ಬಂದರು.

ಅವತ್ತಿನ ಅಡುಗೆ ನಡೆದಿದ್ದು ಹೀಗೆ. ಅತ್ತೆ ತೊಟ್ಟಿನ ಬಿಲ್ಲೆ ಕತ್ತರಿಸಿ ನನ್ನ ಬಾಯಿಗಿಟ್ಟರು. ಏನೂ ಕೇಳಲಿಲ್ಲ. ನನ್ನ ಮುಖ ನೋಡಿದರು, “ಊಂ” ಎಂದರು, ಏಣು ಹೆರೆದು ಹೆಚ್ಚಿದರು. ಮತ್ತೊಂದು ಕಾಯಿ, ಮತ್ತೊಂದು ಬಿಲ್ಲೆ, ಮತ್ತೆ ನನ್ನ ಮುಖ. ಮಾರ್ಕೆಟ್ಟಿನಲ್ಲೇ ನೋಡಿ ತಂದಿದ್ದೀನಿ ಅಂದರೂ ಬಿಡಲಿಲ್ಲ. ಏಣಿನ ಸಿಪ್ಪೆ ಚಟ್ನಿಗೆ ಅಂತ ಒಂದು ತಟ್ಟೆಯಲ್ಲಿ ಬೇರೆ ಇಟ್ಟರು. ಹೆಸರುಬೇಳೆ ಬೆಂದಿತು. ಸಾಸಿವೆ ಸಿಡಿಯುವ ಸದ್ದಿಗೆ ಕಿವಿ ಕೊಟ್ಟು, ಸರಿಯಾದ ಗಳಿಗೆಗೆ ಒಲೆ ಆರಿಸಿದರು. ಉಪ್ಪು ಹಾಕಿ ಸೌಟಿನಿಂದ ಒಂದು ತೊಟ್ಟನ್ನು ಅಂಗೈಗೆ ಬಿಟ್ಟುಕೊಂಡರು. ತಮ್ಮ ಅಂಗೈಗಲ್ಲ, ನನ್ನ ಅಂಗೈಗೆ.

ನನ್ನ ಮುಖವನ್ನು ಇಷ್ಟು ಗಮನ ಕೊಟ್ಟು ಯಾರೂ ನೋಡಿರಲಿಲ್ಲ. ಹೆಣ್ಣು ನೋಡಲು ಬಂದ ದಿನ ಇವರ ಮಗನೂ ನೋಡಿರಲಿಲ್ಲ.

ಸಹನಾ ಎರಡು ಸಲ ಹಾಕಿಸಿಕೊಂಡು ತಿಂದಳು.

ಆಮೇಲೆ ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದೆವು. ಕೆಲವರಿಗೆ ಜ್ವರದ ನಂತರ ಹೀಗಾಗುತ್ತದೆ, ನಿಧಾನವಾಗಿ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರು. “ಬಂದ್ರೆ ಬರ್ಲಿ, ಅದಕ್ಕೇನ್ ಅರ್ಜೆಂಟು. ನನ್ ನಾಲ್ಗೆಗೆ ಇವಳು ಇದಾಳಲ್ಲ” ಎಂದು ಅತ್ತೆ ನನ್ನ ಕಡೆ ಕೈ ತೋರಿಸಿದರು. ಡಾಕ್ಟರಿಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮ ಯಜಮಾನರು ಮನೆಗೆ ಬಂದು ಚಪ್ಪಲಿ ಬಿಡುತ್ತಾ, “ಹಾಗಲಕಾಯಿ ಹಾಕ್ಬುಟ್ಯಾ ಅಂದ್ಬುಟ್ಟೆ ಕಣೇ ಅವ್ವಂಗೆ, ಎಲ್ರ ಮುಂದೆ” ಎಂದರು. ಆವತ್ತಿನಿಂದ ಅವರು ಸಾರು ಹೇಗೇ ಇರಲಿ, ಎರಡನೇ ಸಲ ಹಾಕಿಸಿಕೊಳ್ಳುತ್ತಾರೆ. ಮೊನ್ನೆ ಅತ್ತೆ ಇದನ್ನೂ ಹಿಡಿದುಬಿಟ್ಟರು. “ಸುಳ್ಳೇ ಆಕುಸ್ಕಬ್ಯಾಡ ಕಣ್ಲಾ, ನಂಗೆ ಲೆಕ್ಕ ತಪ್ತದೆ” ಎಂದರು.

ಹೋದ ಭಾನುವಾರ ಮಗುವನ್ನು ತೊಟ್ಟಿಲಿಗೆ ಹಾಕಿದೆವು. ಚನ್ನರಾಯಪಟ್ಟಣದ ಬೀಗರು, ಬೀಗಿತ್ತಿ ಮತ್ತೆ ಬಂದಿದ್ದರು. ಅದೇ ಮೇಜು. ಹಬ್ಬದಡುಗೆಯ ನಡುವೆ ಅತ್ತೆ ಹಟ ಮಾಡಿ ಇಡಿಸಿದ ಅದೇ ಹೀರೆಕಾಯಿ ತೊವ್ವೆ. ಬೀಗಿತ್ತಿಯ ಕಣ್ಣಿಗೆ ಬೋಗುಣಿ ಬಿದ್ದದ್ದೇ ಅವರ ಹುಬ್ಬು ಆವತ್ತಿನ ಜಾಗಕ್ಕೆ ಹೋಯಿತು. ಪಾಪ, ಒಳ್ಳೆಯ ಹೆಂಗಸು, ಬೇಡ ಅನ್ನಲಿಲ್ಲ. ಮಕ್ಕಳಿಗೆ ಔಷಧಿ ಹಾಕುವಷ್ಟು ಹಾಕಿಸಿಕೊಂಡರು. ತಿಂದರು. ಹುಬ್ಬು ಇಳಿಯಿತು. “ಇನ್ನೊಂಚೂರು ಹಾಕಿ” ಎಂದರು.

ಎದುರಿನ ಕುರ್ಚಿಯಲ್ಲಿ ಅತ್ತೆ. ತಟ್ಟೆಯಲ್ಲಿ ಕೈಯಿಟ್ಟುಕೊಂಡು, ಒಬ್ಬೊಬ್ಬರ ಮುಖವನ್ನೂ ನೋಡುತ್ತಾ ಕೂತಿದ್ದರು. ನಾವೆಲ್ಲ ಚೆನ್ನಾಗಿದೆ, ಚೆನ್ನಾಗಿದೆ ಅನ್ನುತ್ತಿದ್ದೆವು. ಆಗ ಸಹನಾ ಕೈ ನಿಲ್ಲಿಸಿ ಕೇಳಿದಳು.

“ಅಜ್ಜಿ, ನಿಂಗೆ?”

ಅತ್ತೆಗೆ ಪ್ರಶ್ನೆ ತಕ್ಷಣ ತಿಳಿಯಲಿಲ್ಲ. ಯಾವತ್ತೂ ಎದುರಾಗಿರದ ಪ್ರಶ್ನೆ. ಒಲೆಯ ಮುಂದೆ ಕೂತು ಸವೆದ ಅಷ್ಟೂ ವರ್ಷ ‘ಎಂಗೈತೆ?’ ಅಂತ ಕೇಳಿದವರು ಅವರು. ಅವರನ್ನು ಯಾರಾದರೂ ಕೇಳಿದ್ದರೆ ಚಳಿಗಾಲದ ವಿಷಯ ಚಳಿಗಾಲದಲ್ಲೇ ನಮಗೆ ಗೊತ್ತಾಗುತ್ತಿತ್ತು.

ತಟ್ಟೆಯ ಕಡೆ ನೋಡಿದರು. ಒಂದು ತುತ್ತು ಬಾಯಿಗಿಟ್ಟು, ಮೊದಲಿನ ಹಾಗೆ ಕಣ್ಣು ಸಣ್ಣ ಮಾಡಿದರು.

“ನಂಗೆ ಸಪ್ಪೆ ಕಣ್ ಮಗಾ” ಎಂದರು. “ಆದ್ರೆ ನಿಮ್ ಮಕ ನೋಡುದ್ರೆ, ಚೆನ್ನಾಗೇ ಆಗೈತೆ.”

ಇವತ್ತು ನಿಮ್ಮ ಮನೆಯಲ್ಲಿ ಅಡುಗೆ ಮಾಡಿದವರಿಗೆ ಊಟ ರುಚಿಸಿತಾ? ಕೇಳಿದ್ರಾ?